ಒಂದೇ ಸಾಲಿನ ಕೋಡು

"ನೀವು ಮೂರು ಸಾಲು ಕೋಡು ಬರೆದಿದ್ರಿ. ನಾನು ಒಂದರಲ್ಲೇ ಮುಗಿಸ್ದೆ," ಎಂದು ಅಭಿಷೇಕ್ ಲ್ಯಾಪ್‌ಟಾಪನ್ನು ಹೇಮಶ್ರೀಯ ಕಡೆ ತಿರುಗಿಸಿದ. ಹೆತ್ತೂರು ಕಡೆಯ ಆ ಕಾಫಿ ಎಸ್ಟೇಟಿನ ಧಣಿಯ ತಮ್ಮನ ಮಗ ಆತ. ಆಕೆ ಸಂಬಳಕ್ಕಿದ್ದ ಪ್ರೋಗ್ರಾಮರ್.

ಹೊಸದಾಗಿ ಸೇರುವ ಪ್ರತಿ ಆಳಿಗೂ ಎಸ್ಟೇಟಿನ ಆ್ಯಪಿನಲ್ಲಿ ಆ ಆಳಿನ ವಿವರ ಹೊತ್ತ ಒಂದು ಆಬ್ಜೆಕ್ಟ್ ಹುಟ್ಟುತ್ತಿತ್ತು. ಹೇಮಶ್ರೀ ಅದನ್ನು ಒಂದು ವೇರಿಯಬಲ್‌ನಲ್ಲಿ, ಅಂದರೆ ಮತ್ತೆ ಕರೆಯಲು ಬರುವಂಥ ಒಂದು ಹೆಸರಿನಲ್ಲಿ, ಹಿಡಿದಿಟ್ಟು, ಆನೆ ಎಚ್ಚರಿಕೆಯ ಪಟ್ಟಿಗೆ ಸೇರಿಸಿ, ಆಮೇಲೆ ತೋಟಕ್ಕೆ ಕಳಿಸುತ್ತಿದ್ದಳು. ಅಭಿಷೇಕನಿಗೆ ಅಷ್ಟು ವ್ಯವಧಾನವೆಲ್ಲಿ! ಹುಟ್ಟಿದ ಉಸಿರಿಗೇ 'ಕೆಲಸಕ್ಕೆ ಹೋಗು' ಎಂದು ಆಜ್ಞೆ ಕೊಡುವ ಮೆಥಡ್ ಕರೆದು ಕೈತೊಳೆದುಕೊಂಡಿದ್ದ.

"ಹಿಡಿದಿಟ್ಕೊಳ್ಳದಿದ್ರೆ ಆಮೇಲೆ ಅದು ಸಿಗಲ್ಲ ಸರ್. ಆನೆ ಪಟ್ಟಿಗೆ ಸೇರ್ಸೋದು ಹೇಗೆ..."

"ಕೂಲಿಯೋರಿಗೆ ವೇರಿಯಬಲ್ ಬೇರೆ ಕೇಡು! ಅಜ್ಜಿ ಕಾಲದ ಕೋಡು ಬರೀತೀರಲ್ಲ ಮಾರಾಯ್ರೆ."

ಅಭಿಷೇಕ್ ನಕ್ಕ. ಹೇಮಶ್ರೀಯೂ ನಕ್ಕಳು. ಧಣಿಯ ಮನೆಯವರು ನಕ್ಕಾಗ ನಗುವುದೂ ಸಂಬಳದಲ್ಲೇ ಸೇರಿತ್ತು. ಅಂದು ಸಂಜೆಯೇ ಅವನ ಆ ಒಂದು ಸಾಲು ಆ್ಯಪಿಗೆ ಸೇರಿತು.

ಮೂರನೇ ದಿನ ಮಧ್ಯಾಹ್ನ ಏಳನೇ ಬ್ಲಾಕಿಗೆ ಒಂಟಿ ಸಲಗ ಇಳಿಯಿತು. ಫೋನುಗಳು ಕೂಗಿದವು. ಹಣ್ಣು ಕೊಯ್ಯುತ್ತಿದ್ದವರೆಲ್ಲ ಚೀಲ ಬಿಸಾಕಿ ಸ್ಟೋರಿನ ಅಂಗಳಕ್ಕೆ ಓಡಿಬಂದರು. ಅಂದೇ ಬೆಳಿಗ್ಗೆ ಸೇರಿದ್ದ ವಿಶಾಲಮ್ಮ ಒಬ್ಬಳು ಮಾತ್ರ ಬರಲಿಲ್ಲ. ಅವಳನ್ನು ಅದೇ ಬ್ಲಾಕಿನ ಹಳ್ಳದಾಚೆಯ ಮೂಲೆಗೆ ಒಂಟಿಯಾಗಿ ಹಾಕಿದ್ದರು.

"ನಲವತ್ತೊಂದು ಜನಕ್ಕೂ ಮೆಸೇಜ್ ಹೋಗಿದೆ. ನೂರಕ್ಕೆ ನೂರು!" ಎಂದು ಅಭಿಷೇಕ್ ಫೋನಿನಲ್ಲಿ ದೊಡ್ಡಪ್ಪನಿಗೆ ಹೇಳುತ್ತಿದ್ದ.

ಕೆಲಸಕ್ಕೆ ಬಂದಿದ್ದವರು ನಲವತ್ತೆರಡು ಜನ. ಹೇಮಶ್ರೀ ಗೇಟಿನವರೆಗೆ ಓಡಿದಳು. ಅದರಾಚೆ ಹೋಗಲಿಲ್ಲ. ಕಂಬಿ ಹಿಡಿದು ನಿಂತೇ ಇದ್ದಳು.

ಅರ್ಧ ಗಂಟೆಯ ಮೇಲೆ ವಿಶಾಲಮ್ಮ ಬಂದಳು. ಸೊಂಟದವರೆಗೂ ಕೆಸರು, ಸೀರೆ ಹರಿದಿತ್ತು.

"ಚರಂಡೀಲಿ ಬಿದ್ಕಂಡಿದ್ದೆ ಕಣವ್ವ. ಪಕ್ದಾಗೇ ದಾಟ್ಕಂಡ್ ಹೋಯ್ತು, ಅದ್ರ ಉಸ್ರು ಬೆನ್ನಿಗ್ ತಾಕ್ತು. ಎಲ್ಲಾರ್ ಫೋನೂ ಕೂಗ್ದಂತೆ, ನಂದ್ಯಾಕ್ ಕೂಗ್ಲಿಲ್ಲ?"

ಉತ್ತರ ಹೇಮಶ್ರೀಯ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ವಿಶಾಲಮ್ಮ ಸುತ್ತ ನೋಡಿ ದನಿ ತಗ್ಗಿಸಿದಳು.

"ನನ್ ಫೋನೇ ಕೆಟ್ಟೈತೇನೋ. ಯಾರ್ಗೂ ಹೇಳ್ಬ್ಯಾಡ ಕಣವ್ವ. ಕೆಟ್ಟ ಫೋನಿನೋಳು ನಾಳೆಯಿಂದ ಬ್ಯಾಡ ಅಂದ್ಬುಟ್ಟಾರು."

ಹೇಮಶ್ರೀ ಆ ಫೋನನ್ನು ತೆಗೆದುಕೊಂಡು ಕೆಸರು ಒರೆಸಿ ನೋಡಿದಳು. ಬ್ಯಾಟರಿ ಭರ್ತಿಯಿತ್ತು. ಸಿಗ್ನಲ್ಲೂ ಇತ್ತು.

"ಇಲ್ಲ, ಯಾರಿಗೂ ಹೇಳಲ್ಲ ಬಿಡಿ," ಎಂದಳು, ಉಪಕಾರ ಮಾಡುವವಳ ದನಿಯಲ್ಲಿ.