ಚಿಗಟೇರಿಯವರ ಥ್ಯಾಂಕ್ಸ್

ಒಂದೇ ಬೆಳಿಗ್ಗೆ ಮೂರನೆಯ ಥ್ಯಾಂಕ್ಸ್ ಬಿದ್ದಾಗ ಹಂಪೇಶನಿಗೆ ಖಾತ್ರಿಯಾಯಿತು. ಊರವರು ಏನೋ ಸಂಚು ಮಾಡಿದ್ದಾರೆ.

ಅವನಿನ್ನೂ ಕಂಬದ ಮೇಲೆಯೇ ಇದ್ದ. ಕೆಳಗೆ ಕೊಟ್ರಬಸಮ್ಮ ಚಹದ ಲೋಟ ಹಿಡಿದು ನಿಂತಿದ್ದಳು. ಹೋದ ತಿಂಗಳು ಇದೇ ಕಂಬದ ಕೆಳಗೆ, ಇದೇ ಬಾಯಿಂದ, ಅವನ ಮೂರು ತಲೆಮಾರನ್ನು ಹಿಡಿದು ಬೈದವಳು. ಹಡಗಲಿಯಿಂದ ಬುತ್ತಿ ಕೊಡಲು ಬಂದಿದ್ದ ಹೆಂಡತಿ ಚಂದನಾ ಆ ಬೈಗುಳವನ್ನು ಕೊಟ್ರಬಸಮ್ಮನ ಕಟ್ಟೆಯ ಮೇಲೆ ಕೂತೇ ಕೇಳಿದ್ದಳು.

"ಥ್ಯಾಂಕ್ಸ್ ರೀ ಹಂಪೇಶಪ್ಪಾರ. ಬಿಸಿಲಾಗ ಏರೀರಿ. ಇಳ್ದು ಚಾ ಕುಡೀರಿ."

ಹಂಪೇಶ ಇಳಿದು, ಮೂಸಿ ನೋಡಿ ಕುಡಿದ. ಶುಂಠಿ ಹಾಕಿದ್ದಳು.

ಆರು ವರ್ಷದಿಂದ ಅವನು ಚಿಗಟೇರಿಯ ಲೈನ್‌ಮನ್. ಕರೆಂಟು ಹೋದಾಗ ಮಾತ್ರ ಊರಿಗೆ ಅವನ ನೆನಪು. ಚಂದನಾ ಟೀಚರಾಗಿರುವ, ತನ್ನ ಮನೆಯಿರುವ ಹಡಗಲಿಗೆ ವರ್ಗ ಕೇಳಿ ಐದು ಅರ್ಜಿ ಹಾಕಿದ್ದ. ಈ ಸಲ ಆದಂತೆಯೇ ಎಂದು ಆಫೀಸಿನವರು ಹೇಳಿದ್ದರು. ತಿಂಗಳ ಕೊನೆಗೆ ಆದೇಶ. ಪೀಡೆ ತೊಲಗುತ್ತದೆಂಬ ಖುಷಿಗೆ ಇವರು ಥ್ಯಾಂಕ್ಸ್ ಹೇಳುತ್ತಿರಬೇಕು, ಅಂದುಕೊಂಡ.

ಆದರೂ ಥ್ಯಾಂಕ್ಸ್ ಮೈಗೆ ಹಿಡಿಯಿತು. ಫೋನ್ ಸ್ವಿಚ್ ಆಫ್ ಮಾಡುವುದನ್ನು ಬಿಟ್ಟ. ಕರೆಯುವ ಮೊದಲೇ ಹೋಗಿ ಟ್ರಾನ್ಸ್‌ಫಾರ್ಮರಿಗೆ ಹಬ್ಬಿದ ಬಳ್ಳಿ ಕಿತ್ತ. ಬಿ.ಪಿ. ಇಳಿಯಿತು. ಗೊರಕೆ ಸಹ ಸಣ್ಣದಾಯಿತೆಂದು ಪಕ್ಕದ ಮನೆಯವರು ಹೇಳಿದರು. ಅದಕ್ಕೂ ಒಂದು ಥ್ಯಾಂಕ್ಸ್.

"ಮುಂಜಾನಿಂದ ಹನ್ನೊಂದು ಥ್ಯಾಂಕ್ಸ್ ನೋಡು," ಎಂದು ಚಂದನಾಳಿಗೆ ಫೋನಿನಲ್ಲಿ ಹೇಳಿದ.

"ಎಣಿಸೀರಿ?"

"ಮತ್ತ. ಮನುಷ್ಯಾಗ ಇನ್ನೇನ್ ಬೇಕು?"

"ನೀವು ಯಾರಿಗರ ಥ್ಯಾಂಕ್ಸ್ ಅಂದೀರೇನು?"

"ನಾ ಯಾಕ ಅನ್ಲಿ? ಕಂಬ ಏರಾಂವ ನಾನು. ಅಂದಂಗ, ನೀ ಕಟ್ಟಿ ಕೊಟ್ಟ ರೊಟ್ಟಿ ಹಲಿಗಿಯಂಗ ಬಿರುಸಾಗಿದ್ವು. ಮುಂದಿನ ಸಲ ನೋಡ್ಕೊ."

ಆಚೆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಒಟ್ಟು ಅಲ್ಲಿ ಆರಾಮ ಅದೀರಿ ಅಂದಂಗಾತು," ಎಂದಳು ಚಂದನಾ.

ತಿಂಗಳ ಕೊನೆಯ ದಿನ ಪಂಚಾಯಿತಿಯಿಂದ ಕರೆ ಬಂತು. ಹಂಪೇಶ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಶಾಲು ಇತ್ತು, ಹಾರ ಇತ್ತು, ಅರ್ಧ ಊರೇ ಇತ್ತು. ಬೀಳ್ಕೊಡುಗೆ ಎಂದುಕೊಂಡು ಎರಡು ಮಾತು ಸಹ ತಯಾರು ಮಾಡಿಕೊಂಡಿದ್ದ.

ಪಂಚಾಯಿತಿ ಮೆಂಬರ್ ಗಂಗಪ್ಪ ಶಾಲು ಹೊದಿಸಿ ಗಂಟಲು ಸರಿಮಾಡಿಕೊಂಡ. "ಇಂಥಾ ಲೈನ್‌ಮನ್ನರನ್ನ ಬಿಟ್ಟುಕೊಡ್ತೀವೇನ್ರಿ? ಊರೆಲ್ಲಾ ಸಹಿ ಮಾಡಿ, ದೊಡ್ಡ ಸಾಹೇಬ್ರಿಗೆ ಅರ್ಜಿ ಕೊಟ್ಟು, ಇವ್ರ ವರ್ಗ ನಿಲ್ಸೀವಿ."

ಚಪ್ಪಾಳೆ ಬಿತ್ತು. ಹಂಪೇಶ ಕುರ್ಚಿ ಹುಡುಕಿಕೊಂಡು ಕೂತ. ಕೊಟ್ರಬಸಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳನ್ನು ಬೈಯಲು ಬಾಯಿ ಬರಲಿಲ್ಲ.

"ಯಾರು ಬರ್ದಿದ್ದು ಅರ್ಜಿ?" ಎಂದು ಕೇಳಿದ, ಸಣ್ಣ ದನಿಯಲ್ಲಿ.

"ನಿಮ್ಮನಿಯವ್ರ," ಎಂದ ಗಂಗಪ್ಪ. "'ಮೊದ್ಲು ಒಂದು ತಿಂಗ್ಳು ನಮ್ಮನಿಯವ್ರಿಗೆ ಥ್ಯಾಂಕ್ಸ್ ಅಂದು ನೋಡ್ರಿ, ಆಮ್ಯಾಲೆ ನಿಮಗ ಅವ್ರನ್ನ ಬಿಡಾಕ ಮನಸಾಗಂಗಿಲ್ಲ' ಅಂತ ನಮಗ ಹೇಳಿಕೊಟ್ಟವ್ರೂ ಅವ್ರ."