ತಾರಸಿಗೊಂದು ನೆರಳು

ಸಂಡಿಗೆಗೆ ಬಿಸಿಲು ಬೇಕು, ಅದನ್ನು ಕಾಯುವವರಿಗೆ ನೆರಳು ಬೇಕು. ದಾವಣಗೆರೆಯ ಸರ್ವಮಂಗಳಮ್ಮ ತಾರಸಿಯ ಮೇಲೆ ಸಂಡಿಗೆ ಹಾಕಿ, ಕಾಗೆ ಓಡಿಸುವ ಕೋಲು ಹಿಡಿದು ಕೂತು, ಎಂದಿನಂತೆ ಫೋನಿನಲ್ಲಿ ಒಂದು ನೆರಳಿಗೆ ಆರ್ಡರ್ ಮಾಡಿದರು. ಹತ್ತು ನಿಮಿಷ ಎಂದಿತ್ತು ಆ್ಯಪು. ಐದೇ ನಿಮಿಷಕ್ಕೆ ಡೆಲಿವರಿಯ ಬಸಣ್ಣ ಮೆಟ್ಟಿಲು ಹತ್ತಿ ಬಂದ. ಮೂರು ಸುತ್ತು ಪ್ಲಾಸ್ಟಿಕ್ ಬಿಚ್ಚಿ, ಮಡಿಸಿಟ್ಟ ನೆರಳನ್ನು ಕೊಡವಿ ಅವರ ತಲೆಯ ಮೇಲೆ ಹರಡಿದ. ಹೊಂಗೆಯ ನೆರಳು, ಒಳ್ಳೆ ತಂಪು.

"ಇಷ್ಟು ಬೇಗ ಹೆಂಗ್ ತಂದ್ಯಪ್ಪಾ?"

"ದೂರ ಹೋಗೋ ಕೆಲ್ಸಾನೇ ಬೀಳ್ಲಿಲ್ಲಮ್ಮಾ. ನಿಮ್ ಗೇಟಿನ ಮುಂದಿನ ಮರಾನೇ ಕಡ್ದೆ."

ಸರ್ವಮಂಗಳಮ್ಮ ಮೆಚ್ಚಿ ಐದು ಸ್ಟಾರ್ ಕೊಟ್ಟರು. ಅಂದು ಸಂಜೆಯವರೆಗೆ ಒಂದು ಕಾಗೆಯೂ ಬರಲಿಲ್ಲ. ಅದೂ ಆ್ಯಪಿನವರದೇ ಉಪಕಾರ ಎಂದುಕೊಂಡರು.

ಕಡಿದ ನೆರಳು ಒಂದು ದಿನಕ್ಕಷ್ಟೇ ಬಾಳುವುದು. ಮರುದಿನ ಹಪ್ಪಳ ಹರವಿ ಮತ್ತೆ ಫೋನು ಒತ್ತಿದರು. ಅದು ಬಹಳ ಹೊತ್ತು ಸುತ್ತಿ ಸುತ್ತಿ ಕೊನೆಗೆ ಹೇಳಿತು: "ನಿಮ್ಮ ನೆರಳಿಗೆ ಬೀಜ ಬಿತ್ತಲಾಗಿದೆ. ತಲುಪುವ ಸಮಯ, ಇಪ್ಪತ್ತೆರಡು ವರ್ಷ."

ಸರ್ವಮಂಗಳಮ್ಮನಿಗೆ ಸಿಟ್ಟು ನೆತ್ತಿಗೇರಿತು. ನೆತ್ತಿ ಆಗಲೇ ಕಾದಿತ್ತು. ಒಂದೇ ಒಂದು ಸ್ಟಾರ್ ಕೊಟ್ಟು, ಕಾಗೆಯೇ ಇಲ್ಲದ ಆಕಾಶದ ಕಡೆಗೆ ಕೋಲು ಎತ್ತಿ ಹಿಡಿದು ಕಾಯುತ್ತ ಕೂತರು.