ಟೋಪಿ ತೆಗೆಯದವಳು

"ಟೋಪಿ ತೆಗಿ, ಬೆಲ್ಟ್ ಬಿಚ್ಚು," ಎಂದ ಹಿರಿಯ ಹವಾಲ್ದಾರ. ಕರ್ನಲ್ ಕೋಣೆಯ ಬಾಗಿಲಲ್ಲಿ ಈ ಮಾತು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು.

ಡ್ರೈವರ್ ಹುಡುಗಿ ಅಲುಗಲಿಲ್ಲ. "ಅದನ್ನ ತೆಗೆಯೋದು ತಪ್ಪು ಮಾಡಿದೋರು ಅಲ್ವಾ ಸರ್? ನಾನು ದೂರು ಕೊಡೋಕೆ ಬಂದೋಳು."

ಹವಾಲ್ದಾರ ಅವಳ ಟೋಪಿಯತ್ತ ಚಾಚಿದ್ದ ಕೈ ಹಿಂತೆಗೆದ. ಇಷ್ಟು ವರ್ಷ ದೂರು ತಂದವರನ್ನೂ ಅವನು ಬರಿದಲೆಯಲ್ಲೇ ಒಳಗೆ ನಡೆಸಿದ್ದ. ಯಾರೂ ಕೇಳಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. "ನನ್ನ ಮಗಳ ವಯಸ್ಸು ನಿಂದು. ಸುಮ್ನೆ ಹಟ ಮಾಡ್ಬೇಡಮ್ಮ. ಹೀಗೆ ಹೋದ್ರೆ ಸಾಹೇಬ್ರಿಗೂ ಕನಿಕರ ಬರುತ್ತೆ."

"ರಾತ್ರಿ ಬಂದು ನಮ್ಮ ಕೋಣೆ ಚಿಲಕ ಅಲ್ಲಾಡಿಸಿದ್ದು ಕ್ಯಾಪ್ಟನ್ ಸಾಹೇಬ್ರು. ಕನಿಕರ ನನಗ್ಯಾಕೆ? ನಿಮ್ಮ ಮಗಳೇ ಬಂದಿದ್ರೆ ಟೋಪಿ ತೆಗಿ ಅಂತಿದ್ರಾ?"

ಹವಾಲ್ದಾರ ಬಾಗಿಲು ತೆರೆದ. "ಎಡ, ಬಲ, ಎಡ, ಬಲ" ಎನ್ನುವ ಅವನ ದನಿ ಅಂದು ಅಷ್ಟು ಗಟ್ಟಿಯಾಗಿರಲಿಲ್ಲ.

ಮೇಜಿನ ಮುಂದೆ ನಿಂತು ಅವಳು ಸೆಲ್ಯೂಟ್ ಹೊಡೆದಳು. ಬರಿದಲೆಯವರು ಸೆಲ್ಯೂಟ್ ಹೊಡೆಯುವಂತಿಲ್ಲ. ಹಾಗಾಗಿ ಈ ಕೋಣೆಯಲ್ಲಿ ಕರ್ನಲ್‌ಗೆ ಮರುಸೆಲ್ಯೂಟಿನ ಗೊಡವೆಯೇ ಇರಲಿಲ್ಲ.

"ಕೈ ಇಳಿಸು."

"ನೀವು ಸ್ವೀಕರಿಸಿದ ಮೇಲೆ ಸರ್."

ಫ್ಯಾನು ಗರಗರ ತಿರುಗುತ್ತಿತ್ತು. "ಟೋಪಿ ಸಮೇತ ಒಳಗೆ ಬಿಟ್ಟಿದ್ದು ಯಾರು?" ಕರ್ನಲ್ ಗದರಿದರು.

"ನಾನೇ ಸರ್," ಎಂದದ್ದು ತನ್ನದೇ ದನಿ ಎಂದು ಹವಾಲ್ದಾರನಿಗೆ ಆಮೇಲೆ ತಿಳಿಯಿತು.

ಕರ್ನಲ್ ಕುರ್ಚಿ ಸರಿಸಿ ಎದ್ದರು. ಗೂಟದಲ್ಲಿದ್ದ ತಮ್ಮ ಟೋಪಿಯನ್ನು ತಲೆಗೇರಿಸಿ ಕೈ ಎತ್ತಿದರು. ಅವಳು ಕೈ ಇಳಿಸಿದವಳೇ ಮಾತು ಶುರು ಮಾಡಿದಳು. ಕೂರಲು ಅವರಿಗೆ ಪುರುಸೊತ್ತೇ ಸಿಗಲಿಲ್ಲ.

"ಕೋಣೇಲಿ ಇನ್ನೊಬ್ಬಳಿದ್ಲು ಸರ್. ಎಲ್ಲಾ ನೋಡಿದಾಳೆ. ಹೊರಗಿನ ಅಧಿಕಾರಿಗಳು ಬಂದು ವಿಚಾರಿಸೋವರೆಗೂ ಅವಳ ಹೆಸರು ಕ್ಯಾಪ್ಟನ್ ಸಾಹೇಬ್ರ ಕಿವಿಗೆ ಬೀಳ್ಬಾರ್ದು. ಬಿದ್ರೆ ಅವಳ ಬಾಯಿ ಮುಚ್ಚಿಸ್ತಾರೆ."

ಕರ್ನಲ್ ನಿಂತಲ್ಲೇ ಪೆನ್ನು ಕೈಗೆತ್ತಿಕೊಂಡರು. "ಆಯ್ತು. ಹೊರಗಿನವರನ್ನೇ ಕರೆಸ್ತೀನಿ. ಹೇಳು."

ಅವಳು ಆ ಇನ್ನೊಬ್ಬಳ ಹೆಸರು ಹೇಳಿದಳು.

ಅವಳನ್ನು ಕಳಿಸಿ ಹವಾಲ್ದಾರ ವರಾಂಡಕ್ಕೆ ಬಂದರೆ ಕ್ಯಾಪ್ಟನ್ ಕಂಬಕ್ಕೊರಗಿ ಕಾಯುತ್ತಿದ್ದ. ಹೆಗಲ ಮೇಲೆ ಕೈ ಹಾಕಿದ.

"ಏನಂತೆ ಯಜಮಾನ್ರೇ? ಸಾಕ್ಷಿ ಗೀಕ್ಷಿ ಯಾರಾದ್ರೂ ಇದ್ದಾರಾ?"

ಬೆಳಿಗ್ಗೆ ದೂರು ಕೊಟ್ಟವರು ಊಟದ ಹೊತ್ತಿಗೆ ಯಾಕೆ ಹಿಂತೆಗೆದುಕೊಳ್ಳುತ್ತಿದ್ದರು ಎಂಬುದು ಹವಾಲ್ದಾರನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಸಲವೂ ಇದೇ ಕಂಬದ ಬಳಿ, ಹೀಗೇ ಕೇಳಿದವರಿಗೆ, ಅವನೇ ಸಾಕ್ಷಿಗಳ ಹೆಸರು ಪಿಸುಗುಟ್ಟಿದ್ದ. ಈ ಹೆಸರನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ಮನೆಯವಳಿಗೂ ಇಲ್ಲ, ಎಂದುಕೊಂಡ.

"ಈಚೆಗೆ ನನ್ನ ಕಿವಿ ಸ್ವಲ್ಪ ಮಂದ ಸರ್," ಎಂದು ಹೆಗಲ ಮೇಲಿನ ಕೈ ಸರಿಸಿ ಮೆಟ್ಟಿಲಿಳಿದ.

ಕೇಳಿಸಿಕೊಳ್ಳಲೆಂದು ಬಾಗಿದ್ದ ಕ್ಯಾಪ್ಟನ್ನನ ಕುತ್ತಿಗೆ ಇನ್ನೂ ಬಾಗಿಯೇ ಇತ್ತು.